ಕಪಿಲೆ ಚೀಲ ಯಾರದೆಂದು ಕೇಳಿದಾಗ

ಮ್ಯೂಸಿಯಂ ಕೆಲಸ ಎಂದರೆ ಹಳೆಯ ವಸ್ತುಗಳನ್ನು ಕಾಯುವುದು ಎಂದೇ ಎಲ್ಲರೂ ತಿಳಿದಿರುತ್ತಾರೆ. ನಾನೂ ಹಾಗೆ ತಿಳಿದೇ ಸೇರಿದ್ದೆ. ಬೆಳಿಗ್ಗೆ ಬಾಗಿಲು ತೆಗೆಯುವುದು, ಕಸ ಗುಡಿಸುವುದು, ಗಾಜು ಒರೆಸುವುದು, ಶಾಲೆಯ ಮಕ್ಕಳು ಬಂದರೆ ಮುಟ್ಟದಂತೆ ನೋಡಿಕೊಳ್ಳುವುದು, ಸಂಜೆ ಬೀಗ ಹಾಕುವುದು. ಕೆಲವು ವಸ್ತುಗಳನ್ನು ಹೊರಗೆ ಕಳಿಸುವುದೂ ಈ ಕೆಲಸಕ್ಕೆ ಸೇರಿದ್ದು ಎಂದು ಬಹಳ ವರ್ಷ ನನಗೆ ಗೊತ್ತಿರಲಿಲ್ಲ. ಹೊಸದಾಗಿ ಈ ಕೆಲಸಕ್ಕೆ ಬರುತ್ತಿರುವ ಹುಡುಗ ಹುಡುಗಿಯರಿಗೆ ಅದನ್ನು ಹೇಳಬೇಕೆನಿಸಿ ಬರೆಯಲು ಕೂತಿದ್ದೇನೆ. ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಹಾಸನದಲ್ಲಿ ಒಂದು ಟ್ರಸ್ಟಿನವರು ನಡೆಸುವ ಚಿಕ್ಕ ಮ್ಯೂಸಿಯಂ ಅದು. ಗಂಡ ತೀರಿಕೊಂಡ ಮೇಲೆ ಅಲ್ಲಿ ಅಟೆಂಡರ್ ಕೆಲಸ ಸಿಕ್ಕಿತು. ಆಗ ಮೇಲ್ವಿಚಾರಕರಾಗಿದ್ದವರು ಗೋಪಾಲಯ್ಯನವರು. ಮೇಷ್ಟರಾಗಿದ್ದು ನಿವೃತ್ತರಾಗಿ ಬಂದವರು, ಒಳ್ಳೆಯ ಮನುಷ್ಯ. ಯಾರು ಏನು ತಂದುಕೊಟ್ಟರೂ ಬೇಡ ಎಂದವರಲ್ಲ. ನೇಗಿಲು, ಕೂರಿಗೆ, ಬೀಸೋ ಕಲ್ಲು, ಒಡೆದ ವೀಣೆ, ಕೈಯಿಲ್ಲದ ಗೊಂಬೆ ಎಲ್ಲವನ್ನೂ ಎರಡು ಕೈಯಲ್ಲಿ ಇಸಕೊಳ್ಳುತ್ತಿದ್ದರು. "ಇರಲಿ ಬಿಡಮ್ಮ ರತ್ನಮ್ಮ, ಮುಂದೆ ಇವೆಲ್ಲ ಕಣ್ಣಿಗೂ ಸಿಗಲ್ಲ" ಅನ್ನುತ್ತಿದ್ದರು. ಕೊಟ್ಟವರ ಹೆಸರು ಕೇಳುವುದು ಮಾತ್ರ ಅವರ ಅಭ್ಯಾಸದಲ್ಲಿ ಇರಲಿಲ್ಲ. ಊರಿನ ಹೆಸರು ಬರೆದುಕೊಂಡರೆ ಆಯಿತು.

ನನ್ನ ಮೊದಲ ದೊಡ್ಡ ತಪ್ಪು ಅವರ ಕಾಲದಲ್ಲೇ ಆದದ್ದು. ಯಾವುದೋ ಹಳೆಯ ದೀಪದ ಕಂಬ ಕಪ್ಪಾಗಿ ಮೂಲೆಯಲ್ಲಿ ನಿಂತಿತ್ತು. ನೋಡುವವರಿಗೆ ಚೆನ್ನಾಗಿ ಕಾಣಲಿ ಎಂದು ಮನೆಯಿಂದ ಹುಣಸೆಹಣ್ಣು ತಂದು, ಬೂದಿ ಸೇರಿಸಿ, ತೆಂಗಿನ ನಾರಿನಲ್ಲಿ ತಿಕ್ಕಿ ತಿಕ್ಕಿ ತೊಳೆದೆ. ಮದುವೆ ಮನೆಯ ದೀಪದ ಹಾಗೆ ಹೊಳೆಯಿತು. ಗೋಪಾಲಯ್ಯನವರು ನೋಡಿ, "ಭೇಷ್! ಚಿನ್ನ ಮಾಡಿಬಿಟ್ಯಲ್ಲಮ್ಮ!" ಅಂದರು. ನನಗೂ ಹೆಮ್ಮೆ. ವರ್ಷಗಳಾದ ಮೇಲೆ ಓದಿ ಬಂದ ಮೇಡಂ ಅದನ್ನು ನೋಡಿ ತಲೆಯ ಮೇಲೆ ಕೈಯಿಟ್ಟುಕೊಂಡರು. ಅದರ ಮೇಲಿದ್ದ ಸಣ್ಣ ಅಕ್ಷರಗಳು ನಾನು ನಾರಿನಲ್ಲಿ ಉಜ್ಜಿದ್ದಕ್ಕೆ ಸವೆದು ಹೋಗಿದ್ದವು. ಅದರಲ್ಲಿ ಏನು ಬರೆದಿತ್ತೋ ಇನ್ನು ಯಾರಿಗೂ ಗೊತ್ತಾಗುವುದಿಲ್ಲ.

ಅಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ನಮ್ಮೂರು ಚನ್ನರಾಯಪಟ್ಟಣದ ಪಕ್ಕ. ಊರಾಚೆ ಕೇರಿಯಲ್ಲಿ ನಮ್ಮ ಮನೆ. ಅಪ್ಪ ತೊಗಲು ಹದ ಮಾಡಿ ಕಪಿಲೆ ಚೀಲ ಹೊಲಿಯುತ್ತಿದ್ದ. ಈಗಿನವರು ಕಪಿಲೆ ನೋಡಿರಲಾರರು. ಎತ್ತುಗಳನ್ನು ಕಟ್ಟಿ ಬಾವಿಯಿಂದ ನೀರೆತ್ತುವ ಏರ್ಪಾಡು ಅದು. ಪಂಪ್‌ಸೆಟ್ ಬರುವ ಮೊದಲು ನಮ್ಮ ಕಡೆಯ ಎಷ್ಟೋ ತೆಂಗಿನ ತೋಟಗಳು ಅದರಿಂದಲೇ ಬದುಕಿದ್ದವು. ನೀರು ತುಂಬುವುದಕ್ಕೆ ತೊಗಲಿನ ದೊಡ್ಡ ಚೀಲ, ಅದರ ಬಾಯಿಗೆ ಕಬ್ಬಿಣದ ಬಳೆ, ಕೆಳಗೆ ಆನೆಯ ಸೊಂಡಿಲಿನ ಹಾಗೆ ಉದ್ದನೆಯ ಕೊಳವೆ. ತಂಗಡಿ ಗಿಡದ ತೊಗಟೆ ಹಾಕಿದ ನೀರಿನಲ್ಲಿ ತೊಗಲನ್ನು ದಿನಗಟ್ಟಲೆ ನೆನೆಹಾಕಿ, ತೊಗಲಿನ ಬಾರಿನಿಂದಲೇ ಎರಡೆರಡು ಸಲ ಹೊಲಿಯಬೇಕು. ಅಪ್ಪ ಹೊಲಿದದ್ದು ಸೋರುವುದಿಲ್ಲ ಎಂದು ಸುತ್ತಿನ ಊರಿನವರು ಬರುತ್ತಿದ್ದರು. ಅಪ್ಪ ಹೋದ ಮೇಲೆ, ಯಾರೂ ಒಯ್ಯದೆ ಉಳಿದಿದ್ದ ಒಂದು ಚೀಲ ನಮ್ಮ ಮನೆಯ ಅಟ್ಟದಲ್ಲಿತ್ತು.

ನನ್ನನ್ನು ಸಾಕಿದ್ದು ಅಣ್ಣ ಸಣ್ಣಯ್ಯ. ಅಪ್ಪ ಹೋದಾಗ ನಾನಿನ್ನೂ ಚಿಕ್ಕವಳು. ಅಣ್ಣ ಇಸ್ಕೂಲು ಬಿಟ್ಟು ಚನ್ನರಾಯಪಟ್ಟಣದ ಮಂಡಿಗಳಲ್ಲಿ ತೆಂಗಿನಕಾಯಿ ಸುಲಿಯುವುದಕ್ಕೆ ಹೋದ. ಅವನ ಅಂಗೈ ತೊಗಲಿನ ಹಾಗೇ ಆಗಿತ್ತು. ನಾನು ಏಳನೇ ಕ್ಲಾಸಿನ ತನಕವಾದರೂ ಓದಿದ್ದು ಆ ಕೈಯಿಂದ.

ಹಾಸನದಲ್ಲಿ ನನಗೆ ಬಾಡಿಗೆ ಮನೆ ಹುಡುಕಿಕೊಟ್ಟವಳು ಮ್ಯೂಸಿಯಂ ಬಾಗಿಲಲ್ಲಿ ಟಿಕೆಟ್ ಕೊಡುವ ಸರೋಜಮ್ಮ. ಅವಳ ಚಿಕ್ಕಪ್ಪನ ಮನೆಯ ಹಿಂದಿನ ಒಂದು ಕೋಣೆ, ಒಂದು ಅಡಿಗೆ ಮನೆ. ನೋಡಲು ಹೋದಾಗ ಆ ಮನೆಯ ಅಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾವ ಜನ?" ಎಂದು ಕೇಳಿದರು. ನಾನು ಬಾಯಿ ತೆಗೆಯುವ ಮೊದಲೇ ಸರೋಜಮ್ಮ, "ನಮ್ಮೋರೇ ಕಣ್ ಚಿಕ್ಕಮ್ಮ, ಮುಖ ನೋಡಿದ್ರೆ ತಿಳಿಯಲ್ವಾ?" ಅಂದಳು. ಅವಳಿಗೂ ಗೊತ್ತಿರಲಿಲ್ಲ, ತಾನೇ ಅಂದುಕೊಂಡಿದ್ದಳು. ನಾನು ಸುಮ್ಮನಿದ್ದೆ. ಅದಕ್ಕೆ ಮೊದಲು ಎರಡು ಮನೆಯವರು ಬಾಗಿಲಲ್ಲೇ ಇಲ್ಲ ಎಂದಿದ್ದರು. ಒಂದು ಸಲ ಸುಮ್ಮನಿದ್ದುದನ್ನು ಉಳಿಸಿಕೊಳ್ಳುವುದಕ್ಕೆ ದಿನವೂ ಸುಮ್ಮನಿರಬೇಕಾಗುತ್ತದೆ ಎಂದು ಆಗ ತಿಳಿಯಲಿಲ್ಲ.

ಅಣ್ಣ ಬಂದರೆ ಮ್ಯೂಸಿಯಂ ಗೇಟಿನ ಹೊರಗೆ ಟೀ ಅಂಗಡಿಯಲ್ಲೇ ಮಾತಾಡಿಸಿ ಕಳಿಸುತ್ತಿದ್ದೆ. ಒಳಗೆ ಏನೇನಿದೆ ಎಂದು ಅವನು ಕೇಳುತ್ತಿದ್ದ, ನಾನು ಹೇಳುತ್ತಿದ್ದೆ.

"ಎಲ್ಲಾ ಗೌಡ್ರುದು, ಐನೋರುದು. ನಮ್ಮಪ್ಪ ಒಲ್ದಿದ್ದು ಏನಾರ ಐತೇನಮ್ಮಿ?"

"ಇಲ್ಲ ಅಣ್ಣ."

"ನೀರು ಕುಡಿದ್ರಲ್ಲ, ಅದನ್ನ ಎತ್ತಿದ್ದು ಯಾತ್ರಲ್ಲಿ? ಬಾವಿ ಮೆಟ್ಲು ತುಳಿಯಂಗಿರ್ಲಿಲ್ಲ ನಮ್ಮಪ್ಪ. ಅವನೊಲ್ದ ಚೀಲ ಮಾತ್ರ ದಿನಾ ಬಾವಿಯೊಳೀಕೆ ಇಳೀತಿತ್ತು." ಹೇಳಿ ನಕ್ಕ. ಸಿಟ್ಟು ಬಂದಾಗಲೂ ಅವನು ನಗುತ್ತಲೇ ಮಾತಾಡುವವನು.

ಕೆಲವು ವಾರ ಬಿಟ್ಟು ಆ ಚೀಲವನ್ನು ಹೆಗಲ ಮೇಲೆ ಹೊತ್ತುಕೊಂಡು ಬಸ್ಸಿಳಿದು ನೆಟ್ಟಗೆ ಒಳಗೇ ಬಂದುಬಿಟ್ಟ. ಒಗೆದ ಬಿಳಿ ಶರ್ಟು ಹಾಕಿದ್ದ. ಗೋಪಾಲಯ್ಯನವರ ಮುಂದೆ ಚೀಲ ಇಳಿಸಿ, "ಕಪಿಲೆ ಚೀಲ ಸಾ. ನಮ್ಮಪ್ಪ ಒಲ್ದಿದ್ದು. ಈಗ್ಲೂ ನೀರು ತುಂಬಿ ನೋಡಿ, ಒಂದು ತೊಟ್ಟು ಸೋರಿದ್ರೆ ನನ್ನ ಕೇಳಿ" ಅಂದ. ಅವರಿಗೆ ಬಹಳ ಸಂತೋಷವಾಯಿತು. ಹೊಲಿಗೆಯ ಮೇಲೆ ಬೆರಳಾಡಿಸಿ ನೋಡಿದರು. ಸರೋಜಮ್ಮ ನನ್ನ ಪಕ್ಕದಲ್ಲಿ ನಿಂತು, "ಯಾರೇ ಅದು? ನಿನ್ನ ಕಡೆ ನೋಡಿ ನಗ್ತಾ ಅವ್ನಲ್ಲ" ಎಂದು ಕೇಳಿದಳು.

"ನಮ್ಮೂರ ಕಡೆಯೋರು" ಅಂದೆ.

ಅಣ್ಣನಿಗೆ ಕೇಳಿಸಿತು. ನನ್ನನ್ನು ಒಂದು ಸಲ ನೋಡಿದ. ಅದಾದ ಮೇಲೆ ನನ್ನ ಕಡೆ ತಿರುಗದೆ ಗೋಪಾಲಯ್ಯನವರ ಜೊತೆಯೇ ಮಾತು ಮುಗಿಸಿ ಹೊರಟ. ಗೇಟಿನ ಹತ್ತಿರ ಹಿಂದೆ ಹೋಗಿ "ಅಣ್ಣಾ" ಎಂದರೆ, "ಓಗ್ಲಿ ಬುಡಮ್ಮಿ, ನಿನ್ ಅನ್ನಕ್ಕೆ ಕಲ್ಲು ಬೀಳಾದು ಬ್ಯಾಡ. ಚೀಲ ಚೆಂದಾಗಿ ನೋಡ್ಕೊ" ಅಂದ.

ನೋಡಿಕೊಂಡೆ. ಹೇಗೆಂದರೆ, ವರ್ಷಕ್ಕೊಂದು ಸಲ ಮಳೆಗಾಲಕ್ಕೆ ಮೊದಲು ಅಪ್ಪ ತೊಗಲಿಗೆ ಹೊಂಗೆ ಎಣ್ಣೆ ಉಜ್ಜುತ್ತಿದ್ದುದು ನೆನಪಿತ್ತು. ಹೊಂಗೆ ಎಣ್ಣೆ ವಾಸನೆ ಹೊಡೆಯುತ್ತದೆಂದು ನಾನು ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ತಂದು, ಬೇರೆಯವರು ಊಟಕ್ಕೆ ಹೋದಾಗ ಗಾಜಿನ ಬಾಗಿಲು ತೆಗೆದು ಚೀಲಕ್ಕೆ ಉಜ್ಜುತ್ತಿದ್ದೆ. ಕೈಯಾಡಿಸುವಾಗ ಅಪ್ಪನ ಬೆನ್ನು ತಿಕ್ಕಿದ ಹಾಗೆ ಅನಿಸುತ್ತಿತ್ತು. ಜೋರಾಗಿ ಹೇಳಿಕೊಳ್ಳಲಾಗದ್ದನ್ನು ಎಣ್ಣೆಯಲ್ಲಿ ತೀರಿಸುತ್ತಿದ್ದೆ. ಯಾರಿಗೂ ಹೇಳಲಿಲ್ಲ.

ಗೋಪಾಲಯ್ಯನವರು ಬಿಟ್ಟ ಮೇಲೆ ವಿಜಯಾ ಮೇಡಂ ಬಂದರು. ಮ್ಯೂಸಿಯಂ ಕೆಲಸವನ್ನೇ ಓದಿ ಬಂದವರು. ಮೊದಲ ವಾರವೇ ಹುಣಸೆಹಣ್ಣು ಬಂದ್, ಒದ್ದೆ ಬಟ್ಟೆ ಬಂದ್. ನುಸಿಗುಳಿಗೆಯ ಡಬ್ಬಗಳನ್ನೆಲ್ಲ ಹೊರಗೆ ಹಾಕಿಸಿದರು. ಬಟ್ಟೆ, ಮರದ ಚಿಕ್ಕ ವಸ್ತುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಐಸ್‌ಕ್ರೀಂ ಇಡುವಂಥ ಫ್ರೀಜರಿನಲ್ಲಿಟ್ಟು ಹುಳ ಕೊಲ್ಲುವ ಕ್ರಮ ಬಂತು. ಪ್ರತಿಯೊಂದಕ್ಕೂ ಫೋಟೋ. ಒಂದೊಂದು ವಸ್ತುವಿನ ಮುಂದೆಯೂ ನಿಂತು ಅವರು ಕೇಳುತ್ತಿದ್ದುದು, "ಇದು ಯಾರದು? ಎಲ್ಲಿಂದ ಬಂತು? ಇಲ್ಲಿ ಯಾಕಿದೆ?" ಉಗ್ರಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ, ಮಳೆಗೆ ಸೋರುತ್ತಿತ್ತು. ಎಲ್ಲವನ್ನೂ ಇಟ್ಟುಕೊಂಡು ಎಲ್ಲವನ್ನೂ ಹಾಳುಮಾಡುವುದಕ್ಕಿಂತ, ಸರಿಯಾಗಿ ನೋಡಿಕೊಳ್ಳಲು ಆಗುವಷ್ಟನ್ನು ಇಟ್ಟುಕೊಳ್ಳಬೇಕು ಅಂದರು. ಟ್ರಸ್ಟಿನವರನ್ನು, ಹೊರಗಿನ ಇಬ್ಬರು ತಿಳಿದವರನ್ನು ಸೇರಿಸಿ ಒಂದು ಸಮಿತಿ ಮಾಡಿದರು.

ವಸ್ತುವೊಂದನ್ನು ತೆಗೆಯುವುದೆಂದರೆ ಗುಜರಿಗೆ ಹಾಕಿದಂತಲ್ಲ ಎಂದು ಆಗ ತಿಳಿಯಿತು. ಒಂದೇ ತರಹದ್ದು ಹಲವು ಇದೆಯೇ, ಸರಿಮಾಡಲಾಗದಷ್ಟು ಕೆಟ್ಟಿದೆಯೇ, ಪಕ್ಕದ ವಸ್ತುವಿಗೂ ಹುಳ ಹತ್ತಿಸುತ್ತದೆಯೇ, ಬೇರೆಯವರಿಗೆ ಅದರ ಮೇಲೆ ನಮಗಿಂತ ಹೆಚ್ಚು ಹಕ್ಕಿದೆಯೇ, ಎಲ್ಲ ನೋಡುತ್ತಿದ್ದರು. ತೆಗೆಯುವುದೆಂದು ಆದರೆ ಮೊದಲು ಕೊಟ್ಟ ಮನೆಯವರನ್ನು ಕೇಳಬೇಕು. ಅವರಿಲ್ಲದಿದ್ದರೆ ಬೇರೆ ಮ್ಯೂಸಿಯಂ, ಆಮೇಲೆ ಶಾಲೆ. ಯಾರೂ ಬೇಡವೆಂದರೆ, ಯಾವ ದಾರಿಯೂ ಇಲ್ಲವೆಂದರೆ ಮಾತ್ರ ನಾಶ ಮಾಡುವುದು. ಕೆಲಸದವರು ಯಾರೂ ಏನನ್ನೂ ಮನೆಗೆ ಒಯ್ಯುವಂತಿಲ್ಲ.

ಹೊಳೆನರಸೀಪುರದ ಒಂದು ಅರ್ಚಕರ ಮನೆಯ ತೊಟ್ಟಿಲು ನೆನಪಾಗುತ್ತದೆ. ಅಂಥವು ನಮ್ಮಲ್ಲಿ ಹಲವಿದ್ದವು. ಇದಕ್ಕೆ ಮಾತ್ರ ಕೊಟ್ಟವರು ಯಾರೆಂದು ಗೊತ್ತಿತ್ತು. ಕರೆಸಿದರೆ ಅಣ್ಣ ತಮ್ಮ ಇಬ್ಬರು ಬಂದರು, ತಲೆ ನರೆತವರು.

"ನೀನು ತಗೊಂಡು ಹೋಗೋ, ನಿನ್ನ ಮನೆ ದೊಡ್ಡದು" ಎಂದರು ಅಣ್ಣ.

"ದೊಡ್ಡದು ಎಲ್ಲಿ ಬಂತು? ಮೂರನೇ ಮಹಡಿ. ಲಿಫ್ಟಿನಲ್ಲಿ ಹಿಡಿಯಲ್ಲ ಇದು. ನೀನೇ ಒಯ್ಯಿ, ನೀನು ತಾನೇ ಇದರಲ್ಲಿ ಜಾಸ್ತಿ ಮಲಗಿದ್ದು."

"ನೀನು ಹುಟ್ಟಿದ ಮೇಲೆ ನನ್ನನ್ನ ಇಳಿಸಿಬಿಟ್ಟರಲ್ಲೋ!"

ಎಲ್ಲರೂ ನಕ್ಕೆವು. ಅಣ್ಣನಾದವರು ತೊಟ್ಟಿಲ ಅಂಚನ್ನು ಮುಟ್ಟಿ, ಅವರಮ್ಮ ಇದನ್ನು ಕಾಲಿನ ಹೆಬ್ಬೆರಳಿನಿಂದ ತೂಗುತ್ತಾ ಹೂವು ಕಟ್ಟುತ್ತಿದ್ದುದನ್ನು ಹೇಳುವಾಗ ತಮ್ಮನಾದವರು ಮುಖ ತಿರುಗಿಸಿಕೊಂಡರು. ಕೊನೆಗೆ ಅವರೇ ಒಯ್ದರು. ಇಬ್ಬರೂ ಹಿಡಿದುಕೊಂಡು ಗಾಡಿಗೆ ಏರಿಸಿದರು.

ಇನ್ನೊಂದು ಅರಕಲಗೂಡು ಕಡೆಯ ವೀರಗಲ್ಲು. ರಸ್ತೆ ಅಗೆಯುವಾಗ ಸಿಕ್ಕಿದ್ದನ್ನು ಗೋಪಾಲಯ್ಯನವರು ತಂದು ನಿಲ್ಲಿಸಿದ್ದರು. ಒಂದು ದಿನ ಆ ಊರಿನ ಹೆಂಗಸರು ಗಂಡಸರು ಬಂದು, ಟಿಕೆಟ್ ತೆಗೆದುಕೊಂಡು, ಒಳಗೆ ಹೋಗಿ ಕಲ್ಲಿಗೆ ಅರಿಸಿನ ಕುಂಕುಮ ಹಚ್ಚಿ ಕಾಯಿ ಒಡೆದುಬಿಟ್ಟರು. ನಾನು ಓಡಿ ಹೋಗಿ ತಡೆದೆ. ಅವರಲ್ಲಿ ಒಬ್ಬ ಮುದುಕಿ ನನ್ನ ಕೈ ಸರಿಸಿ ಮೇಡಂ ಕಡೆ ತಿರುಗಿ, "ನಿಮ್ ಮನೆ ದೇವ್ರುನ ಬೀರುವಾಗಿಟ್ಟು ನೋಡಾಕೆ ಟಿಕೀಟು ಇಕ್ಕಿದ್ರೆ ನಿಮ್ಗೆ ಎಂಗಾದಾತವ್ವ? ಈ ನಮ್ಮಪ್ಪ ದೀಪ ಕಾಣ್ದೆ ಎಷ್ಟೊರ್ಸ ಆಯ್ತು?" ಅಂದಳು. ಮೇಡಂ ವಾದ ಮಾಡಲಿಲ್ಲ. ಸಮಿತಿಯ ಮುಂದೆ ಇಟ್ಟರು, ಊರಿಗೇ ಹಿಂದಿರುಗಿಸುವುದೆಂದು ಆಯಿತು. ಟ್ರಾಕ್ಟರು ತಂದು, ಹುಲ್ಲು ಹಾಸಿ, ಮದುಮಗನನ್ನು ಕರೆದೊಯ್ಯುವ ಹಾಗೆ ಒಯ್ದರು. ಅವತ್ತು ನನಗೆ ಒಳಗೊಳಗೇ ಏನೋ ಚುಚ್ಚಿತು. ಆ ಮುದುಕಿ ಎಲ್ಲರ ಮುಂದೆ ಕಲ್ಲನ್ನು ಅಪ್ಪ ಎಂದಳು. ನನ್ನ ನಿಜವಾದ ಅಪ್ಪನ ವಸ್ತು ಪಕ್ಕದ ಕೋಣೆಯಲ್ಲಿತ್ತು.

ಅದರ ಮುಂದಿನ ಮಳೆಗಾಲದಲ್ಲಿ ಚೀಲದ ಸರದಿ ಬಂತು. ಅದರ ಮೈತುಂಬ ಬಿಳಿ ಬೂಷ್ಟು, ಹೊಲಿಗೆಯ ಸಂದಿನಲ್ಲೆಲ್ಲ ಹುಳ. ಕೊಳವೆಯನ್ನು ಮುಟ್ಟಿದರೆ ಪುಡಿಯಾಗಿ ಉದುರುತ್ತಿತ್ತು. ಮೇಡಂ ಬೆರಳಿನಲ್ಲಿ ಜಿಡ್ಡನ್ನು ಉಜ್ಜಿ ನೋಡಿ, "ಯಾರೋ ಇದಕ್ಕೆ ಎಣ್ಣೆ ಹಾಕಿದ್ದಾರೆ, ವರ್ಷಗಟ್ಟಲೆ. ಗಾಜಿನ ಒಳಗೆ ಗಾಳಿಯಾಡದೆ ಕೂತಿರೋ ತೊಗಲಿಗೆ ಎಣ್ಣೆ ಹಾಕಿದರೆ ಹುಳಕ್ಕೆ ಊಟ ಬಡಿಸಿದ ಹಾಗೆ" ಅಂದರು. ನನ್ನ ಕೈಯಲ್ಲಿ ಬಕೆಟ್ ಇತ್ತು, ಅದನ್ನು ಹಿಡಿದುಕೊಂಡೇ ನಿಂತಿದ್ದೆ. ಅಪ್ಪ ಎಣ್ಣೆ ಹಾಕುತ್ತಿದ್ದ ಚೀಲ ದಿನವೂ ಬಾವಿಗಿಳಿದು, ತೊಳೆದು, ಬಿಸಿಲಿಗೆ ಒಣಗುತ್ತಿತ್ತು. ಆ ವ್ಯತ್ಯಾಸ ನನ್ನ ಬುದ್ಧಿಗೆ ಹೊಳೆದಿರಲಿಲ್ಲ.

ಫ್ರೀಜರಿಗೆ ಅದು ಹಿಡಿಯಲಿಲ್ಲ. ಮೈಸೂರಿನಿಂದ ಬಂದು ನೋಡಿದವರು ಸರಿಮಾಡಲಾಗದು ಎಂದರು. ಸಮಿತಿ ಕೂತ ದಿನ ಮೇಡಂ ಕೆಲಸದವರನ್ನೆಲ್ಲ ಒಳಗೆ ಕರೆದರು. ಚೀಲವನ್ನು ಮೇಜಿನ ಮೇಲೆ ಪ್ಲಾಸ್ಟಿಕ್ ಹಾಸಿ ಇಟ್ಟಿದ್ದರು.

"ಚನ್ನರಾಯಪಟ್ಟಣದ ಕಡೆಯದು ಅಂತ ಮಾತ್ರ ಬರೆದಿದೆ. ಇದನ್ನು ಕೊಟ್ಟವರು ಯಾರು ಅಂತ ನಿಮ್ಮಲ್ಲಿ ಯಾರಿಗಾದರೂ ಗೊತ್ತಾ? ಮನೆಯವರು ಸಿಕ್ಕರೆ ಅವರಿಗೇ ಕೊಡೋಣ. ಹಾಳಾಗಿದ್ದರೂ ಅವರದು ಅವರದೇ."

ಮೇಡಂ ಮತ್ತೆ ಕೇಳಿದರು. ಸರೋಜಮ್ಮ ನನ್ನ ಪಕ್ಕ ನಿಂತು, "ಆವತ್ತು ಬಂದಿದ್ದರಲ್ಲ, ನಿಮ್ಮೂರ ಕಡೆಯೋರು?" ಅಂದಳು. ಎಲ್ಲರೂ ನನ್ನ ಕಡೆ ನೋಡಿದರು. ಬಾಯಿ ಬಿಟ್ಟರೆ ಒಂದೇ ಮಾತು, ನಮ್ಮಣ್ಣ ಅನ್ನುವುದು. ಅದರ ಹಿಂದೆ ತೊಗಲು, ಕೇರಿ, ಸರೋಜಮ್ಮನ ಚಿಕ್ಕಮ್ಮ, ದಿನವೂ ಹಂಚಿಕೊಂಡು ಉಂಡ ಬುತ್ತಿ, ಎಲ್ಲ ಸಾಲಾಗಿ ನಿಂತವು. ನಾನು ಯಾವ ಜನ ಎಂದು ಬೇರೆಯವರಿಗೆ ಗೊತ್ತಾಗುವುದಕ್ಕಿಂತ, ಇಷ್ಟು ವರ್ಷ ಬಚ್ಚಿಟ್ಟೆ ಎನ್ನುವುದು ಗೊತ್ತಾಗುತ್ತದಲ್ಲ ಎಂದು ಹೆದರಿದೆ.

"ಸರಿಯಾಗಿ ಗೊತ್ತಿಲ್ಲ ಮೇಡಂ. ಆ ಕಡೆ ಎಲ್ಲೋ" ಅಂದೆ.

"ಹಾಗಾದರೆ ನೀವೇ ಒಂದು ಸಲ ಹೋಗಿ ವಿಚಾರಿಸಿಕೊಂಡು ಬನ್ನಿ ರತ್ನಮ್ಮ. ನಿಮಗೆ ಆ ಊರುಗಳು ಗೊತ್ತು. ಆತುರವಿಲ್ಲ, ಅಲ್ಲೀವರೆಗೂ ನಿರ್ಧಾರ ತಡೆದಿಡ್ತೀವಿ" ಎಂದರು ಮೇಡಂ. ಅವರು ನನ್ನನ್ನು ಅಷ್ಟು ನಂಬಿದ್ದರು.

ಮಾರನೇ ದಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅಣ್ಣನಿಗೆ ಹೇಳಿಯೇ ತೀರುತ್ತೇನೆ ಅಂದುಕೊಂಡೆ. ಮಂಡಿಯ ಹಿಂದೆ ಸಿಪ್ಪೆ ರಾಶಿಯ ಪಕ್ಕ ಕಾಯಿ ಸುಲಿಯುತ್ತಿದ್ದ. ನನ್ನನ್ನು ಕಂಡು ಎದ್ದು ಬಂದ, ಮುಖವೆಲ್ಲ ನಗು.

"ಏನಮ್ಮಿ, ಏಳ್ದೆ ಕೇಳ್ದೆ ಬಂದ್ಬುಟ್ಟೆ! ಮೈಗೆ ಉಸಾರಿಲ್ವಾ?"

"ಸುಮ್ನೆ ಬಂದೆ ಅಣ್ಣ. ಆಫೀಸಿನ ಕೆಲಸ ಇತ್ತು ಈ ಕಡೆ."

"ಆಪೀಸ್ನೋರು ನಿನ್ನ ಟೂರಿಗೆ ಕಳುಸ್ತಾರೆ ಅನ್ನು! ನೋಡ್ರಲಾ, ನಮ್ ರತ್ನಿ ಟೂರಿಗ್ ಬಂದವ್ಳೆ" ಎಂದು ಜೊತೆಯವರಿಗೆ ಕೂಗಿ ಹೇಳಿದ. ಅಲ್ಲಿ ಅಷ್ಟು ಜನರ ಮುಂದೆ ಅವನು ನನ್ನನ್ನು ನಮ್ಮ ರತ್ನಿ ಎಂದ. ಕೈ ತೊಳೆದು ಹೋಟೆಲಿಗೆ ಕರೆದುಕೊಂಡು ಹೋದ. ಮುದ್ದೆ ಊಟ. ತನ್ನ ತಟ್ಟೆಯ ಹಪ್ಪಳವನ್ನೂ ನನ್ನ ತಟ್ಟೆಗೆ ಹಾಕಿದ.

"ಅಪ್ಪನ ಚೀಲ ಎಂಗೈತೆ?"

ಕೇಳಿದ್ದು ಅವನೇ. ನಾನಾಗಿ ಮಾತು ತೆಗೆಯುವ ಕೆಲಸವೂ ಇರಲಿಲ್ಲ, ಇರುವುದನ್ನು ಹೇಳಿದ್ದರೆ ಸಾಕಿತ್ತು.

"ಚೆಂದಾಗೈತೆ ಅಣ್ಣ."

"ಮೊಮ್ಮಗಳು ತೋರ್ಸು ತೋರ್ಸು ಅಂತಾಳೆ ಕಣಮ್ಮಿ. ಇಸ್ಕೂಲಿಗೆ ರಜ ಕೊಟ್ಟಾಗ ಕರ್ಕಂಬತ್ತೀನಿ."

ಹೇಳಿದರೆ ಅವನಿಗೆ ನೋವಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಕೆಲಸದವರು ಏನನ್ನೂ ಒಯ್ಯಬಾರದು ಎನ್ನುವ ನಿಯಮವನ್ನೂ ನೆನಪಿಸಿಕೊಂಡೆ, ಅಣ್ಣ ಅಲ್ಲಿ ಕೆಲಸದವನಲ್ಲ ಎಂದು ಗೊತ್ತಿದ್ದರೂ. ನಿಜ ಏನೆಂದರೆ, ಹೇಳಿದ್ದರೆ ಅವನು ಅವತ್ತೇ ನನ್ನ ಜೊತೆ ಬಸ್ಸು ಹತ್ತುತ್ತಿದ್ದ. ಮೇಡಂ ಮುಂದೆ ನಿಂತು, ಇದು ನಮ್ಮಪ್ಪಂದು, ಇವಳು ನನ್ನ ತಂಗಿ ಅನ್ನುತ್ತಿದ್ದ.

ಹಿಂದಿರುಗಿ ಬಂದು, "ಯಾರೂ ಸಿಗಲಿಲ್ಲ ಮೇಡಂ" ಅಂದೆ.

ಮೇಡಂ ಆಮೇಲೂ ಪ್ರಯತ್ನ ಬಿಡಲಿಲ್ಲ. ಬೇರೆ ಎರಡು ಮ್ಯೂಸಿಯಂಗಳನ್ನು ಕೇಳಿದರು, ಹುಳವಿದೆ ಎಂದ ಕೂಡಲೇ ಬೇಡವೆಂದರು. ಹಳ್ಳಿಮೈಸೂರಿನ ಕಡೆಯ ಒಂದು ಶಾಲೆಯವರು ನೇಗಿಲು, ಕೂರಿಗೆಗಳನ್ನು ಸಂತೋಷದಿಂದ ಒಯ್ದರು. ಚೀಲವನ್ನು ಮಕ್ಕಳು ಇರುವ ಕಡೆ ಇಡುವ ಹಾಗಿರಲಿಲ್ಲ. ಕೊನೆಗೆ ನಾಶ ಮಾಡುವುದೆಂದು ಸಮಿತಿ ಒಪ್ಪಿತು. ಹೂತರೆ ಹುಳ ಉಳಿಯಬಹುದು, ಸುಡಬೇಕು ಎಂದರು.

ಹಿಂದಿನ ಅಂಗಳದಲ್ಲಿ ಬೆಳಿಗ್ಗೆ ಆ ಕೆಲಸ. ಕಬ್ಬಿಣದ ಬಳೆಯನ್ನು ಬಿಡಿಸಿ ತೆಗೆದಿಟ್ಟರು. ಹೊತ್ತುಕೊಂಡು ಹೋದದ್ದು ನಾನು. ಹಗುರವಾಗಿತ್ತು, ಮುಪ್ಪಿನಲ್ಲಿ ಸೊರಗಿದ ಮೈಯ ಹಾಗೆ. ಮೇಡಂ ಬೆಂಕಿಪೊಟ್ಟಣವನ್ನು ನನ್ನ ಕೈಗೆ ಕೊಟ್ಟರು. ಬೇರೆ ಯಾರಾದರೂ ಹಚ್ಚಲಿ ಎನ್ನುವುದಕ್ಕೂ ನನಗೆ ಬಾಯಿ ಬರಲಿಲ್ಲ, ಯಾಕೆ ಎಂದು ಕೇಳಿಬಿಡುತ್ತಾರೆ ಎಂದು. ಎಣ್ಣೆ ಕುಡಿದಿದ್ದ ತೊಗಲು ಬೇಗ ಹತ್ತಿಕೊಂಡಿತು. ಸರೋಜಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಥೂ, ಏನು ನಾತ! ಮನೆಗೆ ಹೋಗಿ ತಲೆಗೆ ಸ್ನಾನ ಮಾಡಬೇಕು" ಅಂದಳು. ನಾನೂ ಸೆರಗನ್ನು ಮೂಗಿಗೆ ಹಿಡಿದುಕೊಂಡೆ. ಅದು ನಮ್ಮ ಮನೆಯ ವಾಸನೆ. ಹುಟ್ಟಿದಾಗಿನಿಂದ ನನ್ನ ಮೂಗಿಗೆ ಅದು ನಾತವೇ ಆಗಿರಲಿಲ್ಲ.

ಬೇಸಿಗೆ ರಜದಲ್ಲಿ ಅಣ್ಣ ಮಾತಿನಂತೆ ಮೊಮ್ಮಗಳನ್ನು ಕರೆದುಕೊಂಡು ಬಂದ. ಇಬ್ಬರೂ ಟಿಕೆಟ್ ತೆಗೆದುಕೊಂಡು, ಯಾರೋ ಆಗಿ ಒಳಗೆ ಬಂದರು. ಅಣ್ಣ ಆ ಮಗುವಿಗೆ ಮೊದಲೇ ಹೇಳಿಕೊಟ್ಟಿದ್ದ, ಅವಳು ನನ್ನನ್ನು ಅಜ್ಜಿ ಎಂದು ಕರೆಯಲಿಲ್ಲ. ಚೀಲ ಇದ್ದ ಗಾಜಿನ ಹಿಂದೆ ಈಗ ಮಡಕೆಗಳಿದ್ದವು. ಅಣ್ಣ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗಿ ನೋಡಿ, ಮತ್ತೆ ಅಲ್ಲಿಗೇ ಬಂದು ನಿಂತ.

"ಇಲ್ಲಿತ್ತಲ್ಲವ್ವಾ, ಕಪಿಲೆ ಚೀಲ?" ಎಂದು ಗುರುತಿಲ್ಲದವರನ್ನು ಕೇಳುವ ಹಾಗೆ ನನ್ನನ್ನು ಕೇಳಿದ.

"ರಿಪೇರಿಗೆ ಕಳಿಸಿದ್ದಾರೆ" ಅಂದೆ.

"ಒಳ್ಳೇದು ಬುಡಿ. ಬಂದ್ಮೇಲೆ ನೋಡುವ" ಎಂದು ಮಗುವಿನ ಕೈ ಹಿಡಿದುಕೊಂಡು ಹೊರಟ. ಆಮೇಲೆ ವರ್ಷ ವರ್ಷ ಫೋನಿನಲ್ಲಿ ಕೇಳುತ್ತಿದ್ದ. ಇನ್ನೂ ಬಂದಿಲ್ಲ, ಇನ್ನೂ ಬಂದಿಲ್ಲ ಅನ್ನುತ್ತಿದ್ದೆ.

ನಿವೃತ್ತಿಯಾದ ಮೇಲೆ ಹಾಸನದ ಹೊರಗೆ ಚಿಕ್ಕದೊಂದು ಸ್ವಂತ ಮನೆ ಮಾಡಿಕೊಂಡೆ. ಯಾರ ಬಾಡಿಗೆಯ ಹಂಗೂ ಉಳಿಯಲಿಲ್ಲ. ಸರೋಜಮ್ಮ ಮಗನ ಜೊತೆ ಬೇರೆ ಊರಿಗೆ ಹೋದಳು. ಯಾರಿಗೆ ಹೆದರಿ ಬಾಯಿ ಮುಚ್ಚಿಕೊಂಡಿದ್ದೆನೋ ಅವರೆಲ್ಲ ಹೀಗೆ ಸುಲಭವಾಗಿ ಬದುಕಿನಿಂದ ಸರಿದು ಹೋದರು. ಆದರೂ ಹೇಳಲಿಲ್ಲ. ಈಚೆಗೆ ಅಣ್ಣನ ಆ ಮೊಮ್ಮಗಳು ಫೋನ್ ಮಾಡಿದಳು. ಮೈಸೂರಿನಲ್ಲಿ ಇತಿಹಾಸ ಓದುತ್ತಿದ್ದಾಳೆ, ಮುಂದೆ ಮ್ಯೂಸಿಯಂ ಕೆಲಸಕ್ಕೇ ಹೋಗುತ್ತಾಳಂತೆ. "ಅಜ್ಜಿ, ಮುತ್ತಾತ ಹೊಲಿದ ಚೀಲದ ಮೇಲೆ ನಾನು ಬರೀಬೇಕು. ಯಾರನ್ನ ಕೇಳಿದರೆ ತೋರಿಸ್ತಾರೆ?" ಅಂದಳು.

ಮೊದಲು ವಿಜಯಾ ಮೇಡಂ ಹತ್ತಿರ ಹೋದೆ. ಅವರು ಈಗಲೂ ಅಲ್ಲೇ ಇದ್ದಾರೆ. ಎಣ್ಣೆಯಿಂದ ಹಿಡಿದು ಎಲ್ಲ ಹೇಳಿದೆ. ಸಮಾಧಾನ ಹೇಳುತ್ತಾರೇನೋ ಅಂದುಕೊಂಡಿದ್ದೆ. ಅವರ ಮುಖ ಕೆಂಪಾಯಿತು.

"ಎಣ್ಣೆ ಹೋಗಲಿ ರತ್ನಮ್ಮ, ತಿಳಿಯದೆ ಮಾಡಿದ್ದು. ನಾನು ನಿಮ್ಮನ್ನ ನಂಬಿ ಕಳಿಸಿದೆ. ನಿಮ್ಮ ಒಂದು ಮಾತಿನ ಮೇಲೆ ಅಷ್ಟು ಜನ ಸಹಿ ಹಾಕಿದೆವು. ಒಂದು ಮನೆಯ ವಸ್ತುವನ್ನ ಅವರನ್ನ ಕೇಳದೆ ನನ್ನ ಕೈಯಲ್ಲಿ ಸುಡಿಸಿದಿರಿ." ಆಮೇಲೆ, "ನನ್ನ ಹತ್ತಿರ ಹೇಳಿ ಹಗುರಾಗಬೇಡಿ. ನಿಮ್ಮಣ್ಣನ ಹತ್ತಿರ ಹೋಗಿ" ಎಂದರು.

ಈ ಕೆಲಸಕ್ಕೆ ಬರುವವರು ಇದನ್ನು ತಿಳಿದಿರಬೇಕು. ಸಮಿತಿಯವರು ಎಷ್ಟೇ ಓದಿದವರಿರಲಿ, ಅವರ ನಿರ್ಧಾರ ನಿಲ್ಲುವುದು ಕೆಳಗಿನವರು ಹೇಳುವ ಮಾತಿನ ಮೇಲೆ. ಗೊತ್ತಿದ್ದೂ ಗೊತ್ತಿಲ್ಲ ಎಂದರೆ, ಅವರ ನ್ಯಾಯವೆಲ್ಲ ಅನ್ಯಾಯವಾಗುತ್ತದೆ, ಅವರಿಗೆ ಅದು ತಿಳಿಯುವುದೂ ಇಲ್ಲ. ಒಮ್ಮೆ ಹೋದ ವಸ್ತು ಮತ್ತೆ ಬರುವುದಿಲ್ಲ.

ಹೋದ ಭಾನುವಾರ ಊರಿಗೆ ಹೋದೆ. ಅಣ್ಣ ಜಗುಲಿಯ ಮೇಲೆ ಕೂತಿದ್ದ. ಈಗ ಅವನಿಗೆ ಕಾಯಿ ಸುಲಿಯಲು ಆಗುವುದಿಲ್ಲ, ಬೆರಳುಗಳು ಮಡಿಚಿಕೊಂಡುಬಿಟ್ಟಿವೆ. ಅಪ್ಪನ ಚೀಲ ಇಲ್ಲ, ಹುಳ ಬಿದ್ದಿತ್ತು, ಸುಟ್ಟುಬಿಟ್ಟರು ಎಂದು ಹೇಳಿದೆ.

"ಸುಡೋವಾಗ ನೀನಿದ್ದಾ?"

"ಇದ್ದೆ ಅಣ್ಣ."

"ಕೊನೆ ಗಂಟ?"

"ಕೊನೆ ಗಂಟ ಇದ್ದೆ."

"ಬುಡು ಅತ್ಲಾಗೆ. ಮನೇವ್ರು ಒಬ್ರಾದ್ರೂ ಇದ್ರಲ್ಲ" ಎಂದು ನನ್ನ ತಲೆಯ ಮೇಲೆ ಕೈಯಿಟ್ಟ.

ಅಲ್ಲಿಗೇ ನಿಲ್ಲಿಸಬಹುದಿತ್ತು. ಆ ಕೈ ಹಾಗೇ ಇರಲಿ ಎಂದು ಎಷ್ಟು ಆಸೆಯಾಯಿತೋ ಹೇಳಲಾರೆ. ಆದರೆ ನಾನು ಹೇಳಲು ಬಂದದ್ದು ಇನ್ನೂ ಬಾಯಲ್ಲೇ ಇತ್ತು. ಯಾರದು ಎಂದು ಮೇಡಂ ಕೇಳಿದರು, ನಾನು ಗೊತ್ತಿಲ್ಲ ಅಂದೆ ಎಂದು ಹೇಳಿದೆ. ಅಣ್ಣ ಕೈ ತೆಗೆದ.

"ಮನೇವ್ರು ಯಾರು ಅಂತ ಉಡುಕಿದ್ರಾ?"

"ಹುಡುಕು ಅಂತ ನನ್ನನ್ನೇ ಕಳಿಸಿದ್ದರು. ನಾನು ಮಂಡಿಗೆ ಬಂದಿದ್ದೆನಲ್ಲ, ಹೋಟೆಲಿನಲ್ಲಿ ಊಟ ಕೊಡಿಸಿದ್ಯಲ್ಲ, ಅವತ್ತು."

"ಅದ್ಕೇ ಬಂದಿದ್ದಾ ನೀನು?"

"ಹೂಂ."

"ನನ್ ಮುಂದೆ ಕುಂತು ಉಂಡ್ಬುಟ್ಟು, ಯಾರೂ ಸಿಗ್ಲಿಲ್ಲ ಅಂತ ಏಳ್ದಾ?"

"ಹೂಂ ಅಣ್ಣ."

ಅವನು ಗೋಡೆ ಹಿಡಿದುಕೊಂಡು ಎದ್ದ. "ಅಂಗಾರೆ ಅಲ್ಲಿ ಮನೇವ್ರು ಯಾರೂ ಇರ್ಲಿಲ್ಲ ಕಣವ್ವ" ಅಂದ. ಒಳಗಿದ್ದ ಸೊಸೆಗೆ, "ಬಂದೋರ್ಗೆ ಊಟಕ್ಕಿಕ್ಕು" ಎಂದು ಹೇಳಿ, ಚಪ್ಪಲಿ ಮೆಟ್ಟಿಕೊಂಡು ಬೀದಿಗಿಳಿದು ಹೋದ.

ಸೊಸೆ ಎಲೆ ಹಾಕಿ ಬಡಿಸಿದಳು. ಏನಾಯಿತೆಂದು ಅವಳಿಗೆ ಗೊತ್ತಿರಲಿಲ್ಲ. "ಮಾವ ಬರ್ಲಿ ತಡೀರಿ, ಒಟ್ಗೇ ಉಣ್ಣುವ್ರಿ" ಅಂದಳು. ಕಾದೆ. ಸಾರು ತಣ್ಣಗಾಯಿತು. ಬಸ್ಸಿನ ಹೊತ್ತಾಗುವ ತನಕವೂ ಅವನು ಬರಲಿಲ್ಲ.